ಮಾತಾಡಲು ಬರುವಷ್ಟು ನಡಿಗೆ

ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಡುಮನೆಯಲ್ಲಿ ನನಗೆಂದು ಹೊಸ ಗಾದಿ ಹಾಸಿತ್ತು. ನಾವು ನದಾಫರು, ಹಳ್ಳಿಗಳಲ್ಲಿ ಪಿಂಜಾರರು ಎನ್ನುತ್ತಾರೆ. ಅರಳೆ ಹಿಂಜಿ ಗಾದಿ, ದಿಂಬು ಹೊಲಿಯುವುದು ನಮ್ಮ ಮನೆತನದ ಕೆಲಸ. ಗದಗಿನ ಎಷ್ಟೋ ಮದುವೆಗಳಿಗೆ ಗಾದಿ ಮಾಡಿಕೊಟ್ಟಿದ್ದೇನೆ. ನನ್ನ ಮೈಗೆ ಮಾತ್ರ ಅಂಥದ್ದು ಎಂದೂ ಸಿಕ್ಕಿರಲಿಲ್ಲ. ಮಗ ದಾವಲ ಅಂಗಡಿಯಲ್ಲಿದ್ದ ಒಳ್ಳೆಯ ಅರಳೆಯನ್ನೆಲ್ಲ ಸುರಿದು, ಎರಡು ಗಾದಿಗೆ ಆಗುವಷ್ಟನ್ನು ಒಂದಕ್ಕೇ ತುಂಬಿ, ತಾನೇ ಕೂತು ಹೊಲಿದಿದ್ದ. ನನ್ನನ್ನು ತೋಳು ಹಿಡಿದು ಅದರ ಮೇಲೆ ಮಲಗಿಸಿ, "ಅಪ್ಪಾ, ಇನ್ನ ನೀ ಇದರ ಮ್ಯಾಲಿಂದ ಕೆಳಗ ಇಳಿಯಂಗಿಲ್ಲ ನೋಡು," ಎಂದ. ನನಗೆ ಕಣ್ಣಲ್ಲಿ ನೀರು ಬಂತು. ಆ ಗಾದಿಯೇ ನನ್ನನ್ನು ಮುಗಿಸಲು ಹೊರಟಿದೆ ಎಂದು ಆಗ ನಮಗೆ ಯಾರಿಗೂ ತಿಳಿಯಲಿಲ್ಲ.

ಎದೆನೋವು ಬಂದದ್ದು ಹತ್ತಿ ಬಿಡಿಸುವ ಕಾಲದಲ್ಲಿ, ಒಂದು ಬೆಳಿಗ್ಗೆ, ಅಂಗಡಿಯಲ್ಲಿ. ಅರಳೆ ಹಿಂಜುವ ಯಂತ್ರದ ಮುಂದೆ ಕೂತಿದ್ದೆ. ಎದೆಯ ಮೇಲೆ ಯಾರೋ ಮೊಣಕಾಲೂರಿ ಕೂತ ಹಾಗಾಯಿತು. ಎಡಗೈ ಜೋಮು ಹಿಡಿಯಿತು. ಹಿಂದಿನ ದಿನ ತಿಂದ ಮಿರ್ಚಿಯ ಗ್ಯಾಸು ಎಂದುಕೊಂಡು ಸೋಡಾ ತರಿಸಿ ಕುಡಿದೆ, ಅಂಥ ಶಾಣ್ಯಾ ನಾನು. ಬೆವರು ನೋಡಿ ದಾವಲ ಹೆದರಿ ಆಟೋದಲ್ಲಿ ಹಾಕಿಕೊಂಡು ಹೋದ. ಗದಗು ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಗಿ ಎಷ್ಟೋ ವರ್ಷವಾಗಿತ್ತು, ಆದರೂ ದೊಡ್ಡ ಬೇನೆಗೆ ಹುಬ್ಬಳ್ಳಿಯ ದಾರಿಯೇ. ಇಲ್ಲಿ ಸೂಜಿ ಮಾಡಿ ಅಲ್ಲಿಗೆ ಕಳಿಸಿದರು. ಗಾಡಿಯಲ್ಲಿ ಹೆಂಡತಿ ಮಾಬೂಬಿ ನನ್ನ ಪಾದ ಹಿಡಿದುಕೊಂಡೇ ಕೂತಿದ್ದಳು. ಅವಳ ಕೈ ನನ್ನ ಪಾದಕ್ಕಿಂತ ತಣ್ಣಗಿತ್ತು. ಹುಬ್ಬಳ್ಳಿಯಲ್ಲಿ ಮುಚ್ಚಿದ ನಾಳ ತೆರೆದು ಸ್ಟೆಂಟ್ ಕೂರಿಸಿದರು. ಜೀವ ಉಳಿಯಿತು.

ಇಷ್ಟು ಎಲ್ಲರೂ ಹೇಳುವ ಕಥೆ. ನನಗೆ ಹೇಳಬೇಕಾಗಿರುವುದು ಅದರ ನಂತರದ್ದು. ಹಾರ್ಟು ಹೋದವನಿಗೆ ಏನಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ, ಉಳಿದವನಿಗೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಇದನ್ನು ಓದುವವರಲ್ಲಿ ಯಾರಾದರೂ ಈಗ ಅಂಥ ಒಂದು ಗಾದಿಯ ಮೇಲೆ ಮಲಗಿದ್ದರೆ, ಅವರಿಗೇ ಇದು.

ಮೊದಲ ಕೆಲವು ವಾರ ಮಂದಿಯೋ ಮಂದಿ. ನಮ್ಮ ಕಡೆ ಬೇನೆ ಬಿದ್ದವರನ್ನು ಮಾತಾಡಿಸಿಕೊಂಡು ಹೋಗದಿದ್ದರೆ ಅದೊಂದು ತಪ್ಪು, ನಾಳೆ ಮುಖ ತೋರಿಸುವುದು ಕಷ್ಟ. ಬ್ರೆಡ್ಡು, ಮೋಸಂಬಿ, ಎಳನೀರು ಹಿಡಿದುಕೊಂಡು ಮುಳಗುಂದದಿಂದ, ಅಂತೂರ ಬೆಂತೂರದಿಂದ, ಲಕ್ಷ್ಮೇಶ್ವರದ ಬೀಗರ ಮನೆಯಿಂದ ಬಂದರು. ಬಂದವರು ನನ್ನನ್ನು ಮಾತಾಡಿಸುತ್ತಿರಲಿಲ್ಲ. ಮಾಬೂಬಿಯನ್ನು ಮಾತಾಡಿಸುತ್ತಿದ್ದರು. "ಊಟಾ ಮಾಡ್ತಾರೇನು? ನಿದ್ದಿ ಬರ್ತೈತೇನು?" ನಾನು ಅಲ್ಲೇ ಮಲಗಿರುತ್ತಿದ್ದೆ. ಒಮ್ಮೆ ಬೇಸತ್ತು ಎದ್ದು ಹಿತ್ತಲಿಗೆ ಹೋಗಿದ್ದಾಗ ಬೀಗರು ಬಂದರು. ಮಾಬೂಬಿ ಓಡಿ ಬಂದಳು. "ಜಲ್ದಿ ಬಂದು ಮಲಗ್ರೀ. ಅಷ್ಟ ದೂರದಿಂದ ಮಾತಾಡ್ಸಾಕ ಬಂದಾರ, ನೀವು ಹಿತ್ತಲದಾಗ ಅಡ್ಡಾಡಕೋತ ಇದ್ರ ಏನಂತಾರ?" ನಾನು ಹೋಗಿ ಮಲಗಿದೆ. ಬೀಗರಿಗೆ ಸಮಾಧಾನವಾಯಿತು.

ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಮಾಬೂಬಿ ಬಂದವರಿಗೆ ಕೈಸನ್ನೆ ಮಾಡುತ್ತಿದ್ದಳು. ಮೊದಲು ನನಗೆ ಅರ್ಥವಾಗಿರಲಿಲ್ಲ. ಆಮೇಲೆ ತಿಳಿಯಿತು. ಹಾರ್ಟಿನವರ ಮುಂದೆ ಕೆಟ್ಟ ಖಬರ ಹೇಳಬಾರದು, ಸಿಟ್ಟು ಬರುವ ಮಾತು ಆಡಬಾರದು, ಬಹಳ ಖುಷಿಯದೂ ಬೇಡ. ಟಿವಿಯಲ್ಲಿ ವಾರ್ತೆ ಬಂದರೆ ದಾವಲ ಆರಿಸುತ್ತಿದ್ದ. ಮುಂಡರಗಿಯಲ್ಲಿರುವ ಮಗಳು ಫೋನು ಮಾಡಿದರೆ, "ಎಲ್ಲಾ ಆರಾಮ ಐತಪ್ಪಾ," ಎನ್ನುತ್ತಿದ್ದಳು. ಅವಳ ದನಿ ಅತ್ತು ಮುಗಿಸಿದವರ ದನಿಯಾಗಿದ್ದರೂ ಎಲ್ಲಾ ಆರಾಮ. ಅಂಗಡಿ ಹೇಗಿದೆ ಎಂದರೆ ಎಲ್ಲಾ ಆರಾಮ. ಅಡಿಗೆಮನೆಯಲ್ಲಿ ತಾಯಿ ಮಗ ಏನೋ ಪಿಸುಗುಡುತ್ತಿರುತ್ತಿದ್ದರು, ನಾನು ಕೆಮ್ಮಿದರೆ ಸುಮ್ಮನಾಗುತ್ತಿದ್ದರು. ಲೋಕದಲ್ಲಿ ಆಗುವುದೆಲ್ಲ ನನ್ನ ಹೊಸ್ತಿಲ ಹೊರಗೆ ನಿಂತುಬಿಟ್ಟಿತ್ತು. ತುಂಬಿದ ಮನೆಯಲ್ಲಿ ಅಷ್ಟು ಒಬ್ಬಂಟಿಯಾಗಿ ನಾನು ಎಂದೂ ಇದ್ದವನಲ್ಲ. ಜಗಳವಾಡಲು ಸಹ ಯಾರೂ ಇರಲಿಲ್ಲ. ನಾನು ಏನಂದರೂ ಹೂಂ ಎನ್ನುತ್ತಿದ್ದರು.

ಬರಬೇಕಾದವರೆಲ್ಲ ಬಂದರು. ಬರದವನು ಒಬ್ಬನೇ, ಕಳಸಾಪುರದ ನಿಂಗಪ್ಪ.

ನಿಂಗಪ್ಪನ ವಿಷಯ ಹೇಳಬೇಕು. ನಾನು ಸಣ್ಣವನಿದ್ದಾಗ ನಮ್ಮಪ್ಪ ಅರಳೆ ಹಿಂಜುವ ಬಿಲ್ಲನ್ನು ಹೆಗಲಿಗೇರಿಸಿ ಊರೂರು ನಡೆಯುತ್ತಿದ್ದ, ಹಿಂದೆ ನಾನು. ಕಳಸಾಪುರದಲ್ಲಿ ನಮ್ಮ ಬಿಡಾರ ನಿಂಗಪ್ಪನ ಮನೆಯ ಕಟ್ಟೆ. ಬಿಲ್ಲಿನ ನಾರಿಗೆ ಕೊಡತಿಯಿಂದ ಹೊಡೆದಾಗ ಬರುವ ದನಿ ಕೇಳಲು ಅವನು ಶಾಲೆ ಬಿಟ್ಟು ಬರುತ್ತಿದ್ದ. ಮುಂದೆ ನಾನೂ ಬಿಲ್ಲು ಹೊತ್ತೆ, ನಡೆದೆ, ಆಮೇಲೆ ಯಂತ್ರ ಬಂತು, ಕುರ್ಚಿ ಬಂತು, ಹೊಟ್ಟೆಯೂ ಬಂತು. ನಿಂಗಪ್ಪ ಮಾತ್ರ ಪ್ರತಿ ಸಂತೆಗೆ ಅಂಗಡಿಗೆ ಬಂದು, ಗಿರ್ಮಿಟ್ಟು ಮಿರ್ಚಿ ತಿಂದು, ನನ್ನನ್ನು ನಾಲ್ಕು ಮಾತು ಬೈದು ಹೋಗುವುದು ತಪ್ಪಲಿಲ್ಲ. ನಾನು ಬೇನೆ ಬೀಳುವ ಹಿಂದಿನ ಸಂತೆಗೂ ಬಂದಿದ್ದ. ಕಾಮಾಲೆ ಆಗಿದೆ, ಗಿಡದ ಔಷಧ ತೆಗೆದುಕೊಳ್ಳುತ್ತಿದ್ದೇನೆ, ಎಣ್ಣೆ ಬೇಡ ಎಂದು ಮಿರ್ಚಿ ಬಿಟ್ಟಿದ್ದ. ಅವನ ಪಾಲಿನದೂ ನಾನೇ ತಿಂದೆ.

ನಿಂಗಪ್ಪ ಯಾಕೆ ಬರಲಿಲ್ಲ ಎಂದು ಮಾಬೂಬಿಯನ್ನು ಕೇಳಿದೆ. "ಮಗಳ ಊರಿಗೆ ಹೋಗ್ಯಾರಂತ," ಎಂದಳು. ಇನ್ನೊಮ್ಮೆ ದಾವಲನನ್ನು ಕೇಳಿದೆ. "ಹತ್ತಿ ಬಿಡಸಾಕ ಹತ್ಯಾರ, ಆಳು ಸಿಗವಲ್ಲು ಅಂತಿದ್ರು," ಎಂದ. ಎರಡು ಬಾಯಿಗೆ ಎರಡು ನೆಪ. ಎರಡೂ ಅವನೇ ಹೇಳಿ ಕಳಿಸಿದ ನೆಪ ಎಂದುಕೊಂಡೆ. ಕಳಸಾಪುರವೇನು ಕಾಶಿಯೇ? ನಡೆದರೂ ಒಂದು ಹೊತ್ತಿನ ದಾರಿ. ನನ್ನ ಎದೆ ಒಡೆದುಹೋಯಿತು ಎಂದರೆ ಇವನಿಗೆ ಹತ್ತಿಯ ಚಿಂತೆ. ಆ ಸಿಟ್ಟನ್ನು ಯಾರಿಗೂ ತೋರಿಸಲಿಲ್ಲ. ತೋರಿಸಿದರೆ ಗುಳಿಗೆ ಕೊಡುತ್ತಿದ್ದರು.

ಡಾಕ್ಟರಿಗೆ ತೋರಿಸಿಕೊಂಡು ಬರಲು ಹುಬ್ಬಳ್ಳಿಗೆ ಹೋದಾಗ ಆಸ್ಪತ್ರೆಯ ಮೆಟ್ಟಿಲು ಹತ್ತಲು ನನಗೆ ಆಗಲಿಲ್ಲ. ದಾವಲ ಎತ್ತಿಕೊಂಡಂತೆಯೇ ಒಳಗೆ ಕರೆದೊಯ್ದ. ಅಲ್ಲಿ ಕಾಯುವ ಕೋಣೆಯಲ್ಲಿ ಸಾಲಾಗಿ ಕೂತವರೆಲ್ಲ ಒಂದೇ ಜಾತಿಯವರು, ಎದೆ ಹಿಡಿದುಕೊಂಡು ಬಂದವರು. ಪಕ್ಕದಲ್ಲಿ ಶಿರಹಟ್ಟಿ ಕಡೆಯ ಒಬ್ಬ ಹಿರಿಯರು, ಮಕ್ಕಳೆಷ್ಟು ಎಂದು ಕೇಳುವ ದನಿಯಲ್ಲೇ ಕೇಳಿದರು: "ನಿಮಗ ಎಷ್ಟು ಸ್ಟೆಂಟ್ರಿ?"

"ಒಂದರಿ."

"ನನಗ ಎರಡು," ಎಂದರು, ಸ್ವಲ್ಪ ಹೆಮ್ಮೆಯಿಂದಲೇ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಮನ್ಯಾಗ ನಿಮಗೂ ಏನೂ ಹೇಳಂಗಿಲ್ಲೇನ್ರಿ?" ಎಂದು ಕೇಳಿದರು. ನಾನು ಇಲ್ಲ ಎಂದೆ. ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಅವರ ಹೆಸರು ಕರೆಯುವವರೆಗೂ ನಾವು ಹಾಗೇ ಕೂತಿದ್ದೆವು. ಆ ವರ್ಷದಲ್ಲಿ ಸಿಕ್ಕ ಸಣ್ಣ ಸುಖಗಳಲ್ಲಿ ಅದೊಂದು.

ಡಾಕ್ಟರಮ್ಮ ಧಾರವಾಡದವರು, ಸಿಡುಕಿನ ಹೆಣ್ಣುಮಗಳು. ದಿನವೆಲ್ಲ ಏನು ಮಾಡುತ್ತೀರಿ ಎಂದರು. ಮಲಗಿರುತ್ತೇನೆ ಎಂದೆ. ದಾವಲ ಗಾದಿಯ ವಿಷಯವನ್ನು ಅಭಿಮಾನದಿಂದ ಹೇಳಿದ. ಅವರು ಪೆನ್ನು ಕೆಳಗಿಟ್ಟರು.

"ಯಾರ್ ಹೇಳ್ಯಾರ ಮಲಗಸ್ರಿ ಅಂತ? ಇವರ ಹೃದಯದಾಗ ಒಂದಿಷ್ಟು ಭಾಗ ಸತ್ತೈತಿ. ಅದು ತಿರುಗಿ ಹುಟ್ಟಂಗಿಲ್ಲ. ಉಳದದ್ದನ್ನ ಗಟ್ಟಿ ಮಾಡಬೇಕಂದ್ರ ನಡೀಬೇಕು. ದಿನಾ ನಡದವರ ಹೃದಯ ನಾಳೆ ಇನ್ನೊಂದು ಪೆಟ್ಟು ಬಿದ್ರ ತಡಕೊಳ್ತೈತಿ. ಮಲಗಿದವರದು ತಡಕೊಳ್ಳಂಗಿಲ್ಲ."

ಹರೆಯದಲ್ಲಿ ಬಿಲ್ಲು ಹೊತ್ತು ಊರೂರು ನಡೆದವನು ನಾನು ಎಂದೆ. "ಆಗಿಂದು ಆಗಿನ ಕಾಲಕ್ಕ ಆತು. ಈಗಿಂದು ಈಗ ಮಾಡ್ರಿ," ಎಂದರು. ಎಷ್ಟು ಜೋರಾಗಿ ನಡೆಯಬೇಕು ಎಂದು ಕೇಳಿದೆ. ಅದಕ್ಕೆ ಅವರು ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ. "ನಡಕೋತ ಮಾತಾಡಾಕ ಬರಬೇಕು, ಹಾಡಾಕ ಬರಬಾರದು. ಹಾಡಾಕ ಬಂದ್ರ ನಿಮ್ಮ ನಡಿಗಿ ಸಾಲದು. ಮಾತಾಡಾಕ ಬರಲಿಲ್ಲಂದ್ರ ಹೆಚ್ಚಾತು, ಸಾವಕಾಶ ಆಗ್ರಿ. ಮೊದಲ ಮನ್ಯಾಗ ಸುರು ಮಾಡ್ರಿ, ಆಮ್ಯಾಲೆ ಹೊರಗ. ಜೋಡಿ ಯಾರನ್ನರ ಕರಕೊಂಡ ಹೋಗ್ರಿ."

ಮಾತಾಡಿಕೊಂಡು ನಡೆಯಬೇಕು. ಯಾರ ಜೊತೆ ಎಂದು ಅವರು ಹೇಳಲಿಲ್ಲ.

ಮಾಬೂಬಿ ನಡೆಯುವ ಮಾತನ್ನೇ ಒಪ್ಪಲಿಲ್ಲ. ನಡುವೆ ಏನಾದರೂ ಆದರೆ ತಾನು ಕಣ್ಣಾರೆ ನೋಡಲಾರೆ ಎಂದು ಅತ್ತಳು. ದಾವಲನಿಗೆ ಅಂಗಡಿ. ಓಣಿಯಲ್ಲಿ ನಿವೃತ್ತಿಯಾದ ಮಾಸ್ತರರೊಬ್ಬರು ದಿನಾ ಬೆಳಿಗ್ಗೆ ತಿರುಗಾಡಲು ಹೋಗುತ್ತಿದ್ದರು. ನಾನೂ ಬರಲೇ ಎಂದು ಕೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. "ರಾಜೇಸಾಬ್ರ, ತಪ್ಪ ತಿಳ್ಕೋಬ್ಯಾಡ್ರಿ. ದಾರ್ಯಾಗ ಹೆಚ್ಚು ಕಡಿಮಿ ಆದ್ರ ನಿಮ್ಮ ಮಗಗ ನಾ ಏನ್ ಹೇಳ್ಲಿ?" ಮರುದಿನದಿಂದ ಅವರು ಬೇರೆ ಓಣಿಯಿಂದ ಹೋಗತೊಡಗಿದರು. ಅದು ನನ್ನ ಮನಸ್ಸಿಗೆ ಬಹಳ ಹತ್ತಿತು. ಸತ್ತಿರುವುದು ಎದೆಯ ಒಂದಿಷ್ಟು ಭಾಗ ಮಾತ್ರ, ಇವರೆಲ್ಲ ನನ್ನನ್ನು ಪೂರಾ ಹೂಳಿಬಿಟ್ಟಿದ್ದಾರೆ ಎನಿಸಿತು.

ಒಬ್ಬನೇ ಶುರುಮಾಡಿದೆ. ಮೊದಲು ಅಡಿಗೆಮನೆಯಿಂದ ಬಾಗಿಲವರೆಗೆ, ಬಾಗಿಲಿಂದ ಅಡಿಗೆಮನೆಗೆ. ಆಮೇಲೆ ಓಣಿಯ ಕೊನೆ. ಆಮೇಲೆ ಕಳಸಾಪುರದ ರಸ್ತೆ. ಆ ರಸ್ತೆಯನ್ನೇ ಯಾಕೆ ಹಿಡಿದೆ ಎಂದರೆ ನಿಂಗಪ್ಪನ ಮೇಲಿನ ಸಿಟ್ಟಿಗೆ. ಒಂದು ದಿನ ಅವನ ಮನೆಯವರೆಗೂ ನಡೆದು ಹೋಗುತ್ತೇನೆ, ಕಟ್ಟೆಯ ಮೇಲೆ ನಿಂತು ಓಣಿ ಕೇಳುವಂತೆ ಬೈಯುತ್ತೇನೆ, ಚಹಾ ಸಹ ಕುಡಿಯದೆ ತಿರುಗಿ ಬರುತ್ತೇನೆ. ಇದು ನನ್ನ ಯೋಜನೆ. ಔಷಧಕ್ಕಿಂತ ಅದೇ ನನ್ನನ್ನು ದಿನಾ ಎಬ್ಬಿಸುತ್ತಿತ್ತು.

ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಊರು ದಾಟಿದ ಮೇಲೆ ಒಂದು ಸಣ್ಣ ಸೇತುವೆಯಿದೆ. ಬಹಳ ದಿನ ಅದನ್ನು ದಾಟಲು ಧೈರ್ಯವಾಗಲಿಲ್ಲ. ಎದೆಯಲ್ಲಿ ಎಲ್ಲೋ ಸ್ವಲ್ಪ ಚುಚ್ಚಿದರೂ ಅಲ್ಲೇ ಕೂತು, ಅಂಗಿಯ ಜೇಬಿನಲ್ಲಿ ನಾಲಿಗೆಯ ಕೆಳಗಿಡುವ ಗುಳಿಗೆ ಇದೆಯೋ ಎಂದು ಮುಟ್ಟಿ ನೋಡುತ್ತಿದ್ದೆ. ಎರಡೂ ಕಡೆ ಕರಿ ಹೊಲ, ಬೀಸುವ ಗಾಳಿ. ಇಲ್ಲೇ ಬಿದ್ದರೆ ಮೊದಲು ಯಾವ ನಾಯಿ ಬಂದು ಮೂಸುತ್ತದೋ ಎಂಬ ಯೋಚನೆ. ಒಬ್ಬನೇ ಸಾಯುವುದಕ್ಕೆ ಅಷ್ಟು ಹೆದರುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಇನ್ನು ಮಾತಿನ ಪರೀಕ್ಷೆ. ಜೊತೆಗೆ ಯಾರೂ ಇಲ್ಲದ್ದಕ್ಕೆ ನಿಂಗಪ್ಪನನ್ನೇ ಜೊತೆಗಿಟ್ಟುಕೊಂಡು ಬೈಯುತ್ತ ನಡೆದೆ. "ಏನಲೇ ನಿಂಗ್ಯಾ, ಹತ್ತಿ ದೊಡ್ಡದಾತೇನು ನಿನಗ? ನಮ್ಮಪ್ಪ ನಿಮ್ಮ ಕಟ್ಟಿ ಮ್ಯಾಲೆ ಹಿಂಜಿದ ಅರಳಿಯ ಗಾದಿ ಮ್ಯಾಲೆ ಅಲ್ಲೇನು ನೀ ಮದುವಿ ಆಗಿದ್ದು?" ಉಸಿರು ಕಟ್ಟಿದರೆ ನಿಧಾನ ಮಾಡುವುದು, ಬೈಗುಳ ಸಲೀಸಾಗಿ ಬಂದರೆ ಜೋರು ಮಾಡುವುದು. ರಾಜೇಸಾಬನಿಗೆ ಹಾರ್ಟಿನದು ತಲೆಗೇರಿದೆ ಎಂದು ಊರಲ್ಲಿ ಮಾತಾಯಿತಂತೆ.

ಆ ರಸ್ತೆಯಲ್ಲಿ ಕಳಸಾಪುರದ ಮಂದಿ ಬೈಕು, ಟಂಟಂಗಳಲ್ಲಿ ಓಡಾಡುತ್ತಿದ್ದರು. ನನ್ನನ್ನು ಕಂಡ ಪ್ರತಿಯೊಬ್ಬರೂ ಗಾಡಿ ನಿಲ್ಲಿಸುವವರೇ. "ಹತ್ರಿ ಕಾಕಾ, ಗದಗಿಗೆ ಬಿಡ್ತೀನಿ." "ಬಿಸಲಾತು, ನಡೀರಿ ಮನಿಗೆ ಹೋಗೂಣು." ಊರಿಗೆ ಹೊರಟವರೂ ಗಾಡಿ ತಿರುಗಿಸಿ ನನ್ನನ್ನು ಗದಗಿಗೆ ಬಿಡಲು ಬಂದದ್ದಿದೆ. ಹಳ್ಳಿಯ ಮಂದಿಯ ಪ್ರೀತಿ ಎಂದುಕೊಂಡು ಕೈಮುಗಿದು ಮುಂದೆ ಹೋಗುತ್ತಿದ್ದೆ. ನಿಂಗಪ್ಪ ಹೇಗಿದ್ದಾನೆ ಎಂದರೆ ಅವರು ಗಾಡಿಯ ಕಿಕ್ಕು ಹುಡುಕುತ್ತ, "ಆರಾಮ ಅದಾರ್ರಿ," ಎನ್ನುತ್ತಿದ್ದರು.

ಬೇಸಿಗೆ ಹೀಗೇ ಕಳೆಯಿತು. ಸೇತುವೆ ದಾಟಿದೆ, ಅದರಾಚೆಯ ಬೇವಿನ ಮರ ಮುಟ್ಟಿದೆ. ಪ್ಯಾಂಟು ಸಡಿಲಾಯಿತು. ಗಾದಿಯ ಮೇಲೆ ನಿದ್ದೆ ಬಾರದೆ ಚಾಪೆಗೆ ಇಳಿದೆ. ಮುಂಗಾರಿನ ಮೊದಲ ಮಳೆಯಾಗಿ ಹೊಲದಲ್ಲಿ ಹೆಸರುಕಾಳು ಬಿತ್ತುತ್ತಿದ್ದ ಒಂದು ಬೆಳಿಗ್ಗೆ ಬೇವಿನ ಮರ ಬಂದರೂ ಕಾಲು ನಿಲ್ಲಲಿಲ್ಲ. ಬೈಗುಳ ಸಲೀಸಾಗಿ ಬರುತ್ತಿತ್ತು. ಇವತ್ತೇ ಆಗಲಿ ಎಂದು ನಡೆದುಬಿಟ್ಟೆ.

ಕಳಸಾಪುರದೊಳಗೆ ಬಂದಾಗ ಕಟ್ಟೆಯ ಮೇಲೆ ಕೂತವರು ಮಾತು ನಿಲ್ಲಿಸಿದರು. ಒಬ್ಬ ಎದ್ದು ಬಂದು, "ಕಾಕಾ, ಇಲ್ಲೇ ಕುಂಡ್ರಿ, ನೀರ ಕುಡೀರಿ," ಎಂದು ತೋಳು ಹಿಡಿದ. ಬಿಡಿಸಿಕೊಂಡು ನಿಂಗಪ್ಪನ ಮನೆಗೆ ಹೋದೆ. "ಏನಲೇ ನಿಂಗ್ಯಾ, ಹೊರಗ ಬಾ!" ಎಂದು ಕೂಗಿದೆ.

ಅವನ ಹೆಂಡತಿ ಗಂಗವ್ವ ಬಂದಳು. ನನ್ನನ್ನು ಕಂಡು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ಕೊಟ್ಟಳು. ತಂಬಿಗೆ ತೆಗೆದುಕೊಳ್ಳುವಾಗ ಅವಳ ಕೈಯಲ್ಲಿ ಬಳೆ ಇಲ್ಲದ್ದು ನೋಡಿದೆ. ಹಣೆಯಲ್ಲಿ ಬರೀ ವಿಭೂತಿ.

"ಅಣ್ಣಾರ, ಮೊದಲ ಕುಂಡ್ರಿ," ಎಂದಳು. ನಾನು ಕಟ್ಟೆಯ ಮೇಲೆ ಕೂತೆ. ಅವಳು ನನ್ನ ಮುಖ ನೋಡಲಿಲ್ಲ, ನನ್ನ ಎದೆಯನ್ನೇ ನೋಡುತ್ತಿದ್ದಳು.

"ಯಾವಾಗ?" ಎಂದೆ.

"ನೀವು ಹುಬ್ಬಳ್ಳಿ ದವಾಖಾನ್ಯಾಗ ಇದ್ರಲ್ರಿ, ಅದ ವಾರ. ಕಾಮಾಲಿ ಜೋರಾತು. ನಿಮ್ಮ ದಾವಲ ಮಣ್ಣಿಗೆ ಬಂದಿದ್ದ. ಎಲ್ಲಾರಿಗೂ ಕೈ ಮುಗದು ಹೇಳ್ದ, ಅಪ್ಪಗ ಗೊತ್ತಾಗಬಾರದು, ಗೊತ್ತಾದ್ರ ಉಳಿಯಂಗಿಲ್ಲ ಅಂತ. ಇಡೀ ಊರಾಗ ಯಾರೂ ಬಾಯಿ ಬಿಟ್ಟಿಲ್ರಿ."

ರಸ್ತೆಯಲ್ಲಿ ಗಾಡಿ ನಿಲ್ಲಿಸಿದ ಒಬ್ಬೊಬ್ಬರ ಮುಖವೂ ನೆನಪಾಯಿತು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಿಮ್ಮ ಸುದ್ದಿ ಅವರಿಗೂ ಹೇಳಿರಲಿಲ್ರಿ ನಾವು. ಅಂಥಾ ಬ್ಯಾನ್ಯಾಗ ಹೆಂಗ ಹೇಳೂದು? ರಾಜೇಸಾಬ ಎಲ್ಲೆದಾನ ಅಂತ ಕೇಳೋರು. ಆರಾಮ ಅದಾರ, ಅಂಗಡ್ಯಾಗ ಮದುವಿ ಗಾದಿ ಕೆಲಸ ಬಾಳ ಐತಂತ ಅಂತಿದ್ವಿ. ಕಡೀತನಕ ನಿಮ್ಮನ್ನ ಬೈಕೋತ ಇದ್ರು. ಎಲ್ಲಾರೂ ಬಂದ್ರು, ಆ ರಾಜ್ಯಾ ಬರಲಿಲ್ಲ ನೋಡು, ಅವಗ ಗಾದಿ ದೊಡ್ಡದಾತು ಅಂತ."

ಆಗ ಅತ್ತೆ. ಮಂದಿ ನಿಂತಿದ್ದರು, ನಾಚಿಕೆಯಾಗಲಿಲ್ಲ. ನಾನು ಅವನನ್ನು ಬೈಯುತ್ತ ದಾರಿಯೆಲ್ಲ ನಡೆದಿದ್ದೆ, ಅವನು ನನ್ನನ್ನು ಬೈಯುತ್ತ ಹಾಸಿಗೆಯಲ್ಲಿ ಮಲಗಿದ್ದ. ಇಬ್ಬರಿಗೂ ಒಂದೇ ಉತ್ತರ ಕೊಟ್ಟಿದ್ದರು, ಆರಾಮ ಎಂದು. ಎದೆ ನೋಯಿತು. ಆದರೆ ಆ ಬೆಳಿಗ್ಗೆ ಅಂಗಡಿಯಲ್ಲಿ ಬಂದ ನೋವು ಇದಲ್ಲ ಎಂದು ನನಗೆ ಗೊತ್ತಿತ್ತು. ಕೈ ಜೋಮು ಹಿಡಿಯಲಿಲ್ಲ, ಬೆವರು ಬರಲಿಲ್ಲ. ಜೇಬಿನ ಗುಳಿಗೆಗೆ ಕೈ ಹಾಕಲಿಲ್ಲ. ಅಂಗೈಯನ್ನು ಎದೆಯ ಮೇಲಿಟ್ಟುಕೊಂಡೆ. ಅದು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಎಲ್ಲರೂ ನನಗೆ ಕೊಡಲು ಹೆದರಿದ ಪೆಟ್ಟು ಬಿದ್ದಿತ್ತು, ಉಳಿದಷ್ಟು ಹೃದಯ ಅದನ್ನು ತಡೆದುಕೊಂಡಿತ್ತು.

ಯಾರೋ ಫೋನು ಮಾಡಿದ್ದರು. ದಾವಲನ ಬೈಕು ಓಣಿಗೆ ನುಗ್ಗಿತು. ಅದನ್ನು ನಿಲ್ಲಿಸಲೂ ಪುರುಸೊತ್ತಿಲ್ಲದೆ ಗೋಡೆಗೆ ಒರಗಿಸಿ ಓಡಿ ಬಂದ. ಕೈಯಲ್ಲಿ ಗುಳಿಗೆ, ಮುಖ ಬಿಳುಚಿತ್ತು. "ಅಪ್ಪಾ, ಬಾಯಿ ತಗಿ," ಎಂದ.

"ನನಗೇನೂ ಆಗಿಲ್ಲ, ಕುಂಡ್ರು," ಎಂದೆ. ಅವನು ನನ್ನ ಕಾಲ ಬಳಿ ಕುಸಿದು ಕೂತು ಸಣ್ಣ ಹುಡುಗನಂತೆ ಅತ್ತ. "ನಿನ್ನ ಕಳಕೊಳ್ಳಾಕ ಆಗಂಗಿಲ್ಲಂತ ಹೇಳಲಿಲ್ಲಪ್ಪಾ."

"ಇಷ್ಟ ದಿನ ಒಬ್ಬನ ಇದ್ನಲ್ಲೋ, ಅದು ಕಳಕೊಂಡಂಗ ಅಲ್ಲೇನು?" ಎಂದೆ.

ಗಂಗವ್ವ ಚಹಾ ತಂದಳು. ಕುಡಿದೆ. ನಿಂಗಪ್ಪನ ಗೋರಿ ಅವರ ಹೊಲದ ಬದುವಿನಲ್ಲಿತ್ತು. ಅಲ್ಲಿಗೂ ನಡೆದು ಹೋಗಿ, ಬಾಕಿಯಿದ್ದ ನಾಲ್ಕು ಬೈಗುಳ ಮುಗಿಸಿ, ಒಂದು ಹಿಡಿ ಮಣ್ಣು ಹಾಕಿ ಬಂದೆ.

ತಿರುಗಿ ಹೊರಡುವಾಗ ದಾವಲ ಬೈಕಿನ ಕಡೆ ಹೋದ. "ಅದು ಇಲ್ಲೇ ಇರ್ಲಿ, ನಾಳೆ ಒಯ್ಯಾಕ ಬಾ," ಎಂದೆ. "ನಡಕೋತ ಹೋಗೂಣು. ಇಷ್ಟ ದಿನ ಏನೇನಾಗೈತಿ ಎಲ್ಲಾ ಹೇಳು. ಒಂದೂ ಬಿಡಬ್ಯಾಡ."

ಹೇಳತೊಡಗಿದ. ಮುಂಡರಗಿಯ ಮಗಳಿಗೆ ಹೊಟ್ಟೆಯಲ್ಲಿನ ಕೂಸು ಹೋಗಿತ್ತು. ಅಂಗಡಿಯ ಯಂತ್ರ ಕೆಟ್ಟು ತಿಂಗಳುಗಟ್ಟಲೆ ನಿಂತಿತ್ತು. ಮಾಬೂಬಿ ದಿನಾ ಹಿತ್ತಲಲ್ಲಿ ಅಳುತ್ತಾಳೆ. ಒಂದೊಂದೂ ಬಂದು ಎದೆಗೆ ತಾಗುತ್ತಿತ್ತು, ನಾನು ಹೂಂ ಎನ್ನುತ್ತ ನಡೆಯುತ್ತಿದ್ದೆ. ಬೇವಿನ ಮರ ದಾಟಿದ ಮೇಲೆ ಅವನ ಮಾತು ತುಂಡಾಯಿತು. ತಿರುಗಿ ನೋಡಿದರೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾನೆ, ಏದುಸಿರು. ಯಂತ್ರದ ಮುಂದಿನ ಕುರ್ಚಿಯಲ್ಲಿ ಈಗ ಕೂರುವವನು ಅವನೇ.

"ಅಪ್ಪಾ, ಸಾವಕಾಶ," ಎಂದ. "ಮಾತಾಡಾಕ ಬರವಲ್ದು."

ನಾನು ನಿಂತೆ. ಅವನು ಬಂದು ಜೊತೆಯಾಗುವವರೆಗೆ ಕಾದೆ. ಆಮೇಲೆ ಅವನಿಗೆ ಮಾತಾಡಲು ಬರುವಷ್ಟೇ ನಡೆದೆ.